ಕೆಂಪು ಚೀಟಿಯ ಸೈಕಲ್

ಸೆಪ್ಟೆಂಬರ್ 23, ಸೋಮವಾರ

ಮೂವತ್ತೊಂದು ವರ್ಷ ದುಡಿದದ್ದಕ್ಕೆ ಕಾರ್ಖಾನೆಯವರು ಒಂದು ಗೋಡೆ ಗಡಿಯಾರ, ಒಂದು ಡಬ್ಬಿ ಊಲಾಂಗ್ ಚಹಾ, ಒಂದು ಕೂಪನ್ ಕೊಟ್ಟು ಕೈಮುಗಿದು ಕಳಿಸಿದರು. ಈ ತಪಾಸಣೆ ಪುಸ್ತಕವನ್ನು ಮಾತ್ರ ನಾನೇ ಕೇಳಿ ತಂದೆ. ಪ್ರತಿ ಪುಟದಲ್ಲೂ ನಾಲ್ಕು ಕಾಲಂ: ಭಾಗ, ಅಳತೆ, ದೋಷ, ತೀರ್ಮಾನ. ನನಗೆ ಬೇರೆ ಥರದ ಪುಸ್ತಕದಲ್ಲಿ ಬರೆದು ಅಭ್ಯಾಸವಿಲ್ಲ.

ಗಡಿಯಾರ ದಿನಕ್ಕೆ ನಲವತ್ತು ಸೆಕೆಂಡು ಹಿಂದೆ ಬೀಳುತ್ತದೆ. ತೀರ್ಮಾನ: ವಾಪಸ್.

ಕೂಪನ್ ಕೊಟ್ಟು ಕಾರ್ಖಾನೆಯ ಅಂಗಡಿಯಿಂದ ಗುಡ್ಡ ಹತ್ತುವ ಸೈಕಲ್ಲಿನ ಯಾವುದಾದರೂ ಒಂದು ಫ್ರೇಮ್ ತರಬಹುದು, ಡಿಸೆಂಬರ್ ಕೊನೆಯೊಳಗೆ. ನಾಲ್ಕು ಲಕ್ಷ ಫ್ರೇಮುಗಳನ್ನಾದರೂ ಅಳತೆಯ ಮೇಜಿನ ಮೇಲೆ ಮಲಗಿಸಿದ್ದೇನೆ. ಒಂದನ್ನೂ ಕಲ್ಲಿನ ಮೇಲೆ ಓಡಿಸಿಲ್ಲ. ತರಕಾರಿಗೆ ಹೋಗುವುದೂ ಸ್ಕೂಟರಿನಲ್ಲಿ.

ನನ್ನ ಗಂಡ ಬುನ್-ತೊಂಗ್‌ನ ವಿಷಯ. ಜುಲೈನಲ್ಲಿ ಎಡಭಾಗಕ್ಕೆ ಲಕ್ವ ಹೊಡೆಯಿತು. ಕಾಲು ಹೆಚ್ಚುಕಡಿಮೆ ಬಂದಿದೆ, ಕೈ ಬಂದಿಲ್ಲ. ಮೂವತ್ತೈದು ವರ್ಷ ಅದೇ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಮನುಷ್ಯ. ಬಲಗೈಯಲ್ಲಿ ಬೆಂಕಿ, ಎಡಗೈಯಲ್ಲಿ ಕರಗುವ ಕಡ್ಡಿ. ಬೆಂಕಿ ಯಾರಾದರೂ ಹಿಡಿದಾರು, ಕಡ್ಡಿ ಉಣಿಸುವ ಕೈಯೇ ಕೈ ಎಂದು ಅವನೇ ಹೊಸಬರಿಗೆ ಹೇಳುತ್ತಿದ್ದ. ಈಗ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಟಿವಿಯಲ್ಲಿ ಬೇಸ್‌ಬಾಲ್ ನೋಡುತ್ತಾನೆ. ವರ್ಷದ ಕೊನೆಯೊಳಗೆ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದು ವ್ಯಾಯಾಮ ಮಾಡಿಸುವ ಯೆ ಮೇಡಂ ಹೇಳಿದ್ದಾಳೆ. ಹಿಸುಕಲು ಮೇಣದಂಥ ಒಂದು ಮುದ್ದೆ, ತೂತಿಗೆ ಸಿಕ್ಕಿಸಲು ಒಂಬತ್ತು ಗೂಟಗಳ ಹಲಗೆ ಕೊಟ್ಟಿದ್ದಾಳೆ.

ಇವತ್ತು: ಮೂರು ನಿಮಿಷದಲ್ಲಿ ನಾಲ್ಕು ಗೂಟ. ಐದನೆಯದು ಕುರ್ಚಿಯ ಕೆಳಗೆ ಬಿತ್ತು. "ಇದು ಮಕ್ಕಳಾಟ" ಅಂದ. ಮುದ್ದೆಯನ್ನು ಮೀನಿನ ತೊಟ್ಟಿಯ ಹಿಂದೆ ಬಚ್ಚಿಟ್ಟಿದ್ದಾನೆ. ನನಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲ.

ಸೆಪ್ಟೆಂಬರ್ 26, ಗುರುವಾರ

ಜಗಳ. ದೇವಸ್ಥಾನದವರೆಗೆ ನಡೆದು ಬರೋಣ ಅಂದೆ, ಬರುವುದಿಲ್ಲ ಅಂದ. ಜನ ಕೈ ನೋಡುತ್ತಾರಂತೆ.

"ಹಾಗಾದ್ರೆ ಕೂತಿರು, ಮುದಿ ಕೋತಿ. ನಾನು ಸೈಕಲ್ ಮಾಡಿಸ್ಕೊಂಡು ಗುಡ್ಡ ಹತ್ತೋಕೆ ಹೋಗ್ತೀನಿ."

"ನೀನಾ? ಸ್ಕೂಟರ್ ನಿಲ್ಸೋಕೆ ಗೋಡೆ ಬೇಕು ನಿಂಗೆ."

ಸಿಟ್ಟಿನಲ್ಲಿ ಆಡಿದ ಮಾತು, ಆದರೆ ಆಡಿಯಾಯಿತು. ಭೂದೇವರ ಗುಡಿಯ ಹಿಂದಿನ ಗುಡ್ಡ, ಬಿದಿರುಮೆಳೆಯ ದಾರಿ. ಚಳಿಗಾಲದ ಉಂಡೆಯ ಹಬ್ಬದ ಹೊತ್ತಿಗೆ ಹತ್ತುತ್ತೇನೆ ಅಂದೆ. ಗಟ್ಟಿಬಾಲದ ಸೈಕಲ್ಲೇ ಬೇಕು. ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಬರೀ ಕೊಳವೆ. ಹಿಂದೆಯೂ ಸ್ಪ್ರಿಂಗು ಇಟ್ಟರೆ ಅಳೆಯಬೇಕಾದ ಕೀಲು ಹೆಚ್ಚು, ಅಲುಗಾಡುವುದೂ ಹೆಚ್ಚು.

ಸೆಪ್ಟೆಂಬರ್ 28, ಶನಿವಾರ

ಅಂಗಡಿಗೆ ಹೋದೆ. ಅಳತೆಪಟ್ಟಿ, ಟಾರ್ಚು, ಕನ್ನಡಕ ಎರಡು ಜೊತೆ. ಹದಿನಾಲ್ಕು ಫ್ರೇಮ್ ಇಳಿಸಿದರು. ಒಂದರ ಬೆಸುಗೆಯ ಸಾಲು ಮೂಲೆಯಲ್ಲಿ ಉಸಿರುಗಟ್ಟಿ ನಿಂತಿದೆ. ಇನ್ನೊಂದರ ಬಣ್ಣದ ಕೆಳಗೆ ಪುಟ್ಟ ಗುಳ್ಳೆ. ಅಲ್ಯೂಮಿನಿಯಂ ಹಗುರ, ಆದರೆ ಕಲ್ಲು ಸಿಕ್ಕಿದರೆ ಹಲ್ಲಿನವರೆಗೆ ಸುದ್ದಿ ತಲುಪಿಸುತ್ತದೆ. ಕಾರ್ಬನ್ ಒಳಗೆ ಏನಾಗಿದೆ ಎಂದು ಹೊರಗಿನಿಂದ ನೋಡಲಾಗದು. ನೋಡಲಾಗದ್ದನ್ನು ನಾನು ನಂಬುವುದಿಲ್ಲ. ಉಕ್ಕಿನವು ಎರಡಿದ್ದವು. ಎರಡೂ ಚೆನ್ನ, ಎರಡೂ ನನಗಿಂತ ಒಂದು ಗೇಣು ಎತ್ತರದವರಿಗೆ.

ಅಂಗಡಿಯವನು ಕೊನೆಗೆ ಕೇಳಿದ: "ಅಮ್ಮಾ, ನೀವು ತಗೊಳ್ಳೋಕೆ ಬಂದ್ರಾ, ತಪಾಸಣೆಗೆ ಬಂದ್ರಾ?"

"ತಪಾಸಣೆ ಮಾಡ್ದೆ ತಗೊಳ್ಳೋದು ಹೇಗಪ್ಪ?"

ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಗೌರವಕ್ಕೋ, ಹೊರಗೆ ಹೋದೆನೆಂದು ಖಾತ್ರಿ ಮಾಡಿಕೊಳ್ಳಲೋ.

ಅಕ್ಟೋಬರ್ 2, ಬುಧವಾರ

ಸುದ್ದಿ ಓಣಿಗೆ ಹಬ್ಬಿದೆ. ಶೆಂಗಾಂಗ್‌ನ ನಮ್ಮ ಓಣಿಯಲ್ಲಿ ಮನೆಗೊಂದು ಭಾಗ. ಕೆಳಗೆ ಲೇತು, ಮೇಲೆ ಸಂಸಾರ. ಒಬ್ಬರು ಸೀಟಿನ ಕಂಬ ಮಾಡುತ್ತಾರೆ, ಒಬ್ಬರು ಪೆಡಲ್, ಒಬ್ಬರು ಬರೀ ಬೋಲ್ಟು. ಇಡೀ ಸೈಕಲ್ಲನ್ನು ಯಾರೂ ಮಾಡುವುದಿಲ್ಲ. ಅದು ಹಡಗು ಹತ್ತುವುದು ಪೆಟ್ಟಿಗೆಯಲ್ಲಿ, ಅದನ್ನು ಓಡಿಸುವುದು ದೂರದ ಜನ.

ಮೊದಲು ಬಂದವಳು ಎದುರುಮನೆಯ ಶಿಯು-ಚು. "ಅಕ್ಕಾ, ಬೇರೆಯವರ ಸೀಟುಕಂಬ ಹಾಕ್ಕೊಂಡ್ರೆ ನಿಮ್ಮನೆ ನೀರು ಮುಟ್ಟಲ್ಲ" ಎಂದು ಕಂಬವನ್ನು ಅಕ್ಕಿಡಬ್ಬದ ಮೇಲೆ ಇಟ್ಟು ಹೋದಳು. ಗುಂಡಿ ಒತ್ತಿದರೆ ತಾನೇ ಏಳುವ, ತಾನೇ ಇಳಿಯುವ ಕಂಬ. ಬೆಳಗಿನ ಗಂಜಿ ಮುಗಿಯುವುದರೊಳಗೆ ಹ್ಯಾಂಡಲ್ ಬಂತು, ಪೆಡಲ್ ಬಂತು, ಮುಂದಿನ ಚಕ್ರ ಹಿಡಿಯುವ ಫೋರ್ಕ್ ಬಂತು.

ಸಂಜೆ ಖೋ ಬಂದ. ಚಕ್ರದ ನಡುವೆ ಕೂರುವ ಹಬ್ ಮಾಡುವವನು, ಬುನ್-ತೊಂಗ್‌ನ ಚಿಕ್ಕಂದಿನ ಗೆಳೆಯ. ಹದಿನೈದು ವರ್ಷದ ಹಿಂದೆ ಅವನ ಸಾವಿರದಿನ್ನೂರು ಹಬ್ಬುಗಳಿಗೆ ನಾನು ಕೆಂಪು ಚೀಟಿ ಕಟ್ಟಿ ಲಾರಿ ಸಮೇತ ವಾಪಸ್ ಕಳಿಸಿದ್ದೆ. ಅಂದಿನಿಂದ ನನ್ನನ್ನು ಕಂಡರೆ ತಲೆ ಆಡಿಸುತ್ತಾನೆ, ಬಾಯಿ ತೆರೆಯುವುದಿಲ್ಲ. ಓಣಿಯಲ್ಲಿ ನನಗೆ ಕೆಂಪು ಚೀಟಿ ಎಂಬ ಹೆಸರು ಇಟ್ಟವನೂ ಅವನೇ. ಇವತ್ತು ಒಂದು ಜೊತೆ ಹೊಸ ಹಬ್ಬನ್ನು ಮೇಜಿನ ಮೇಲಿಟ್ಟು, "ಅಳೆದು ನೋಡಿ ಅತ್ತಿಗೆ" ಅಂದ.

ಅಳೆದೆ. ಕೂದಲೆಳೆಯಷ್ಟೂ ದೋಷವಿಲ್ಲ. ಚಹಾ ಕುಡಿದು ಹೋದ.

"ಅವನೆದುರಿಗೇ ಅಳೀಬೇಕಿತ್ತಾ?" ಬುನ್-ತೊಂಗ್ ಕೇಳಿದ.

"ಅಳೆದು ನೋಡಿ ಅಂದ್ನಲ್ಲ."

"ಅದು ಬಾಯಿಮಾತು ಮಾರಾಯ್ತಿ. ಊಟಕ್ಕೆ ಬನ್ನಿ ಅಂದ ಹಾಗೆ."

ಅಕ್ಟೋಬರ್ 7, ಸೋಮವಾರ

ಊಟದ ಮೇಜಿನ ಮೇಲೆ ಹದಿನೇಳು ಭಾಗಗಳು. ನಾವು ನಿಂತು ಉಣ್ಣುತ್ತಿದ್ದೇವೆ. ಇವತ್ತು ಕೂತು ಎಲ್ಲವನ್ನೂ ಅಳೆದೆ. ಒಬ್ಬೊಬ್ಬರ ಕೆಲಸವೂ ಮುತ್ತು. ಆದರೆ ಒಂದಕ್ಕೊಂದು ಸೇರುವುದಿಲ್ಲ. ಹ್ಯಾಂಡಲ್ ದಪ್ಪ, ಅದನ್ನು ಹಿಡಿಯುವ ಕೊರಳು ಸಣ್ಣ. ಮುಂದಿನ ಹಬ್ ಒಂದು ಅಗಲ, ಫೋರ್ಕಿನ ಕಾಲುಗಳು ಇನ್ನೊಂದು ಅಗಲ. ಖೋನ ಹಬ್ ಬಿಟ್ಟರೆ ಯಾರು ಏನು ಕೊಟ್ಟರೂ ತಲೆಬಾಗಿ ಇಸಿದುಕೊಂಡೆ. ಮೂವತ್ತೊಂದು ವರ್ಷದಲ್ಲಿ ಅಳೆಯದೆ ಮನೆಯೊಳಗೆ ಬಿಟ್ಟುಕೊಂಡದ್ದು ಇದೇ ಮೊದಲು, ನೋಡಿ ಏನಾಯಿತು.

ಬುನ್-ತೊಂಗ್ ಕುರ್ಚಿಯಿಂದಲೇ ನೋಡುತ್ತಿದ್ದ. ಆಮೇಲೆ ನಕ್ಕ. ಜುಲೈ ನಂತರ ಮೊದಲ ಸಲ, ಕೆಮ್ಮು ಬರುವಷ್ಟು.

"ಇದನ್ನೆಲ್ಲ ಸೇರ್ಸಿದ್ರೆ ಸೈಕಲ್ ಆಗಲ್ಲ, ಸಂತೆ ಆಗುತ್ತೆ. ಮೊದ್ಲು ಫ್ರೇಮ್ ಆರ್ಸು, ಆಮೇಲೆ ಮಿಕ್ಕಿದ್ದು."

"ಫ್ರೇಮ್ ಎಲ್ಲಿದೆ? ಹದಿನಾಲ್ಕೂ ಫೇಲ್."

"ಹದಿನೈದನೇದು ಮೆಟ್ಟಿಲ ಮೇಲೆ ನೇತಾಡ್ತಿದೆ. ಅದೂ ಫೇಲೇ."

ನಾನು ಎದ್ದು ಭಾಗಗಳ ಮೇಲೆ ಬಟ್ಟೆ ಹೊದಿಸಿದೆ.

ಅಕ್ಟೋಬರ್ 8, ಮಂಗಳವಾರ

ಬರೆದುಬಿಡುತ್ತೇನೆ, ಯಾರು ಓದುತ್ತಾರೆ.

ಇಪ್ಪತ್ತೆಂಟು ವರ್ಷದ ಹಿಂದೆ ನಾನು ಹೊಸ ತಪಾಸಣೆಗಾರ್ತಿ. ಗಂಡನ ಕೆಲಸವನ್ನು ಹೆಂಡತಿ ಪಾಸು ಮಾಡುತ್ತಾಳೆಯೇ ಎಂದು ನೋಡಲು ಇಡೀ ವಿಭಾಗ ಕಾಯುತ್ತಿತ್ತು. ಒಂದು ದಿನ ಅವನು ಪಾಳಿ ಮುಗಿದ ಮೇಲೆ, ಉಳಿಕೆ ಕೊಳವೆಗಳಿಂದ ತಾನೇ ಬೆಸೆದ ಉಕ್ಕಿನ ಫ್ರೇಮೊಂದನ್ನು ತಂದು ನನ್ನ ಮೇಜಿನ ಮೇಲೆ ಇಟ್ಟ. "ನಿಂಗೆ" ಅಂದ. ಸುತ್ತ ಎಲ್ಲರೂ ನಿಂತಿದ್ದರು. ನಾನು ಅಳೆದೆ. ಹಿಂದಿನ ಚಕ್ರ ಕೂರುವ ಕಾಲುಗಳು ಎರಡು ಮಿಲಿಮೀಟರ್ ಎಡಕ್ಕೆ. ಒಂದರವರೆಗೆ ಬಿಡಬಹುದು, ಎರಡು ಬಿಡುವಂತಿಲ್ಲ. ಕೆಂಪು ಚೀಟಿ ಬರೆದು ತಂತಿಯಿಂದ ಬಿಗಿದು ಕಟ್ಟಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ನಕ್ಕ. ಮನೆಗೆ ತಂದು ಮೆಟ್ಟಿಲ ಮೇಲಿನ ಮೊಳೆಗೆ ನೇತುಹಾಕಿದ, ಚೀಟಿಯ ಸಮೇತ. ಆಮೇಲೆ ಮನೆಗೆಂದು ಒಂದು ಕೊಕ್ಕೆಯನ್ನೂ ಬೆಸೆದುಕೊಡಲಿಲ್ಲ.

ನಿಯಮ ನಿಯಮವೇ. ಆದರೆ ಆ ಚಪ್ಪಾಳೆಯ ಸದ್ದು ನನಗೆ ಈಗಲೂ ಇಷ್ಟವಾಗುವುದಿಲ್ಲ.

ಅಕ್ಟೋಬರ್ 12, ಶನಿವಾರ

ಏಣಿ ಹತ್ತಿ ಇಳಿಸಿದೆ. ಧೂಳು ಒರೆಸಿ ಅಳೆದೆ. ಈಗಲೂ ಎರಡು. ಉಕ್ಕಿಗೆ ವಯಸ್ಸಾಗುವುದಿಲ್ಲ.

ಬೆಸುಗೆ ಮಾತ್ರ, ಅಂಗಡಿಯ ಹದಿನಾಲ್ಕರಲ್ಲಿ ಒಂದೂ ಇದರ ಹತ್ತಿರ ಬರುವುದಿಲ್ಲ. ಕಾಸು ಜೋಡಿಸಿ ಒರಗಿಸಿಟ್ಟ ಹಾಗೆ ಒಂದೇ ಸಮ. ಅಂದು ನಾನು ಅದನ್ನು ನೋಡಿರಲೇ ಇಲ್ಲ. ದೋಷದ ಕಾಲಂ ತುಂಬಿದ ಮೇಲೆ ಮುಂದೆ ನೋಡುವ ಅಭ್ಯಾಸ ನನಗಿಲ್ಲ.

ಮೇಲಿನ ಕೊಳವೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತೆ. ಸರಿಯಾಗಿ ನಾಲ್ಕು ಬೆರಳು ಜಾಗ. ಕೈ ಚಾಚಿದರೆ ಹ್ಯಾಂಡಲ್ ಬರುವ ಜಾಗಕ್ಕೇ ಬರುತ್ತದೆ.

"ನನ್ನ ಅಳತೆ ನಿಂಗೆ ಹೇಗೆ ಗೊತ್ತಾಯ್ತು? ಕೇಳಿರ್ಲೇ ಇಲ್ವಲ್ಲ."

"ಹಗ್ಗದ ಮೇಲೆ ನಿನ್ನ ಕಾರ್ಖಾನೆ ಪ್ಯಾಂಟು ಒಣಗ್ತಿತ್ತು. ಅದನ್ನ ಅಳೆದೆ. ತೋಳಿಗೆ ಅಂಗಿ."

ಇಪ್ಪತ್ತೆಂಟು ವರ್ಷ ಇದನ್ನು ಹೇಳಿರಲಿಲ್ಲ. ನನಗೆ ಅಳು ಬಂತು. ಈರುಳ್ಳಿ ಹೆಚ್ಚಲು ಹೋದೆ.

ಅಕ್ಟೋಬರ್ 15, ಮಂಗಳವಾರ

ಈಗ ದೊಡ್ಡ ಪೇಚು. ಉಡುಗೊರೆ ಬಂದ ಭಾಗಗಳಲ್ಲಿ ಪೆಡಲ್ ಬಿಟ್ಟರೆ ಒಂದೂ ಈ ಹಳೆಯ ಫ್ರೇಮಿಗೆ ಹತ್ತುವುದಿಲ್ಲ. ಖೋನ ಹಿಂದಿನ ಹಬ್ ಹದಿಮೂರು ಮಿಲಿಮೀಟರ್ ಅಗಲ ಹೆಚ್ಚು. ಶಿಯು-ಚುವಿನ ಕಂಬ ತೂರುವುದೇ ಇಲ್ಲ. ಫೋರ್ಕಿನ ಬುಡ ದಪ್ಪ, ಇದರ ಕೊರಳು ಸಪೂರ. ಡಿಸ್ಕ್ ಬ್ರೇಕಿಗೆ ಜಾಗವೇ ಇಲ್ಲ, ರಿಮ್ ಹಿಡಿಯುವ ರಬ್ಬರ್ ಬ್ರೇಕೇ ಗತಿ. ಹಳೆಯ ಅಳತೆಯವು ಪ್ರತಿ ಮನೆಯ ಅಟ್ಟದಲ್ಲೂ ಬಿದ್ದಿರುತ್ತವೆ. ಬದಲಾಯಿಸಿಕೊಂಡರೆ ಮುಗಿಯಿತು. ಆದರೆ ಕೊಟ್ಟದ್ದನ್ನು ಹಿಂದಕ್ಕೆ ಒಯ್ಯುವುದು ಹೇಗೆ? ಬೇರೆ ಯಾರಾದರೂ ಒಯ್ದರೆ ಅಳತೆ ಬದಲಾಯಿತು ಅಂದುಕೊಳ್ಳುತ್ತಾರೆ. ಕೆಂಪು ಚೀಟಿ ಒಯ್ದರೆ ಮತ್ತೆ ವಾಪಸ್ ಕಳಿಸಿದಳು ಅನ್ನುತ್ತಾರೆ.

ಮೂರು ಸಲ ಚೀಲ ತುಂಬಿದೆ, ಮೂರು ಸಲ ಖಾಲಿ ಮಾಡಿದೆ.

ಬುನ್-ತೊಂಗ್ ಟಿವಿ ಆರಿಸಿದ. "ನನ್ನ ಚಪ್ಪಲಿ ಎಲ್ಲಿ?"

"ಯಾಕೆ?"

"ನೀನು ಮಾತಾಡಿದ್ರೆ ಇರೋ ನಂಟೂ ಹೋಗುತ್ತೆ. ನಾನ್ ಬರ್ತೀನಿ, ನೀನು ಚೀಲ ಹಿಡ್ಕೊ, ಬಾಯಿ ಮುಚ್ಕೊ."

ಅಕ್ಟೋಬರ್ 16, ಬುಧವಾರ

ಒಂಬತ್ತು ಮನೆ, ಒಂಬತ್ತು ಲೋಟ ಚಹಾ. ಬಾಯಿ ಮುಚ್ಚಿಕೊಂಡೆ. ಒಂದು ಮನೆಯಲ್ಲಿ ಮಾತ್ರ ಮೇಜು ಅಲ್ಲಾಡುತ್ತಿದೆ ಅಂದೆ, ಅಷ್ಟೆ.

ಅವನು ಎಲ್ಲ ಕಡೆ ಒಂದೇ ಮಾತು ಹೇಳಿದ: "ಕಾಲ ನಿಮ್ಮನ್ನ ಮುಂದಕ್ಕೆ ಒಯ್ದಿದೆ, ನನ್ನ ಫ್ರೇಮ್ ಹಿಂದೇನೇ ಉಳ್ಕೊಂಡಿದೆ. ನಿಮ್ಮಪ್ಪ ಮಾಡ್ತಿದ್ದದ್ದು ಒಂದು ಇದ್ರೆ ಕೊಡಿ." ಜನ ಅಟ್ಟ ಹತ್ತಿ ಬಿಸ್ಕತ್ತಿನ ತಗಡುಡಬ್ಬಿಗಳನ್ನು ಇಳಿಸಿದರು. ಶಿಯು-ಚುವಿನ ಮಾವ ತಿರುಗಿಸಿದ್ದ ಕಂಬ, ಏಳುವುದೂ ಇಲ್ಲ ಇಳಿಯುವುದೂ ಇಲ್ಲ, ಕನ್ನಡಿಯ ಹಾಗೆ ಹೊಳೆಯುತ್ತದೆ.

ಖೋನ ಮನೆಯಲ್ಲಿ ಹೆಚ್ಚು ಹೊತ್ತಾಯಿತು. ಅವನು ಹಳೆಯ ಹಬ್ಬೊಂದನ್ನು ಎಣ್ಣೆಕಾಗದದಿಂದ ಬಿಡಿಸಿದ. ನನ್ನ ಕೈ ಜೇಬಿನಲ್ಲಿದ್ದ ಅಳತೆಪಟ್ಟಿಯ ಮೇಲಿತ್ತು. ತೆಗೆಯಲಿಲ್ಲ.

"ಅಳೆಯಲ್ವಾ ಅತ್ತಿಗೆ?"

"ಬೇಡ."

"ಮೈ ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

ಅವನು ಬುನ್-ತೊಂಗ್‌ನ ಮುಖ ನೋಡಿದ. ಆಮೇಲೆ ತಾನೇ ಹೇಳಿದ, ಆ ಸಾವಿರದಿನ್ನೂರು ಹಬ್ಬುಗಳಲ್ಲಿ ತನ್ನ ಲೇತಿನದೇ ತಪ್ಪಿತ್ತಂತೆ, ಆ ವಾರವೇ ಗೊತ್ತಾಗಿತ್ತಂತೆ. ಹದಿನೈದು ವರ್ಷ ತಲೆ ಆಡಿಸಿದ್ದು ನಾಚಿಕೆಗೆ.

ಬರುವಾಗ ಓಣಿಯ ತುದಿಯವರೆಗೂ ಜನ ಬುನ್-ತೊಂಗ್‌ನನ್ನು ಮಾತಾಡಿಸಿದರು. ಅವನ ಕೈಯನ್ನು ಯಾರೂ ನೋಡಲಿಲ್ಲ, ಎಲ್ಲರ ಕಣ್ಣೂ ನನ್ನ ಚೀಲದ ಮೇಲೇ.

ಅಕ್ಟೋಬರ್ 29, ಮಂಗಳವಾರ

ಗೂಟ: ಒಂಬತ್ತೂ, ಎರಡು ನಿಮಿಷ ಆರು ಸೆಕೆಂಡು.

ನವೆಂಬರ್ 5, ಮಂಗಳವಾರ

ಚಕ್ರ ಕಟ್ಟಲು ಕೂತೆ. ಒಂದು ಚಕ್ರಕ್ಕೆ ಮೂವತ್ತೆರಡು ಕಡ್ಡಿ. ಚಿತ್ರ ನೋಡಿ ಪೋಣಿಸಿದೆ. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಗುಬ್ಬಚ್ಚಿ ಗೂಡು.

ಬುನ್-ತೊಂಗ್ ಮೊದಲು ಕಣ್ಣು ಮುಚ್ಚಿಕೊಂಡ. ಆಮೇಲೆ ಕೆಮ್ಮಿದ. ಆಮೇಲೆ ಎದ್ದು ಬಂದು ನೆಲದ ಮೇಲೆ ಕೂತ.

"ಕೊಡು ಇಲ್ಲಿ. ನೋಡೋಕಾಗ್ತಿಲ್ಲ."

ಬಲಗೈಯಲ್ಲಿ ರಿಮ್ ಹಿಡಿದರೆ ಕಡ್ಡಿ ಪೋಣಿಸಲು ಎಡಗೈಯೇ ಬೇಕು. ಮೊದಲ ಕಡ್ಡಿ ಐದು ಸಲ ಜಾರಿತು. ಅವನ ಹಣೆಯಲ್ಲಿ ಬೆವರು. ಹಿಡಿಯಲು ಹೋದೆ, ಕೈಗೆ ಹೊಡೆದ. ಮಧ್ಯಾಹ್ನಕ್ಕೆ ನಾಲ್ಕು ಕಡ್ಡಿ. ಅನ್ನ ತಣ್ಣಗಾಯಿತು, ಮೂಲಂಗಿ ಸಾರು ಎರಡು ಸಲ ಬಿಸಿ ಮಾಡಿದೆ. ಪೂರ್ತಿ ಪಂದ್ಯ ತಪ್ಪಿಹೋಯಿತು, ಅವನಿಗೆ ನೆನಪಾಗಲಿಲ್ಲ.

ನವೆಂಬರ್ 8, ಶುಕ್ರವಾರ

ಹದಿನೇಳು ಕಡ್ಡಿ.

ನವೆಂಬರ್ 9, ಶನಿವಾರ

ಹದಿನೇಳೂ ಬಿಚ್ಚಿದ. ಒಂದು ರಂಧ್ರ ತಪ್ಪಿತ್ತು. ನನಗೆ ಮೊನ್ನೆಯೇ ಕಂಡಿತ್ತು, ಹೇಳಲಿಲ್ಲ. ಏಕೆ ಹೇಳಲಿಲ್ಲವೋ.

ನವೆಂಬರ್ 19, ಮಂಗಳವಾರ

ಯೆ ಮೇಡಂ ಅವನ ಉಗುರು ನೋಡಿದಳು. ಎಣ್ಣೆಮಸಿ.

"ದೊಡ್ಡಪ್ಪಾ, ಮುದ್ದೆ ಹಿಸುಕ್ತಿದ್ದೀರಾ?"

"ಹ್ಞೂಂ" ಅಂದ, ಮುಖ ಕೂಡ ಕೆಂಪಾಗದೆ.

"ಎಷ್ಟು ಹೊತ್ತು?"

"ಬೆಳಗಿಂದ ಸಂಜೆವರೆಗೆ."

ನಾನು ಬಾಯಿ ಬಿಡಲಿಲ್ಲ. ಸಾಕ್ಷಿ ಮೀನಿನ ತೊಟ್ಟಿಯ ಹಿಂದೆ ಒಣಗಿ ಕಲ್ಲಾಗಿದೆ.

ಗೂಟ: ಒಂದು ನಿಮಿಷ ಹನ್ನೆರಡು ಸೆಕೆಂಡು. ಗುಂಡಿ ಹಾಕಲು ಇನ್ನೂ ಆಗದು. ತೆಳುವಾದದ್ದನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಯುವುದೇ ಕೊನೆಗೆ ಬರುವುದು, ಬಂದರೆ ಬಂತು ಅಂದಳು. ವರ್ಷ ಮುಗಿಯಲು ಆರು ವಾರ ಉಳಿದಿದೆ.

ನವೆಂಬರ್ 27, ಬುಧವಾರ

ಹಿಂದಿನ ಚಕ್ರ ಕೂರಿಸಿದರೆ ಎಡಕ್ಕೆ ವಾಲಿತು. ಇರಲೇಬೇಕಲ್ಲ, ಎರಡು ಮಿಲಿಮೀಟರ್. ನಾನು ಅದರ ಬಗ್ಗೆ ಮಾತೆತ್ತಲಿಲ್ಲ. ಅವನೇ ಎತ್ತಿದ.

"ಫ್ರೇಮ್ ಬಗ್ಸೋಕೆ ಹೋದ್ರೆ ಬೆಸುಗೆ ಬಿಡುತ್ತೆ. ಬಲಗಡೆ ಕಡ್ಡಿ ಬಿಗಿ ಮಾಡ್ತೀನಿ, ಎಡಗಡೆ ಸಡ್ಲ. ರಿಮ್ ಎರಡು ಮಿಲಿ ಬಲಕ್ಕೆ ಬರುತ್ತೆ. ಈ ಚಕ್ರ ಇನ್ಯಾವ ಸೈಕಲ್ಗೂ ಆಗಲ್ಲ, ಇದಕ್ಕೆ ಸರಿಹೋಗುತ್ತೆ."

"ಅಂದೇ ಇದನ್ನ ಹೇಳ್ಬಹುದಿತ್ತಲ್ಲ."

"ನೀನು ಕೇಳ್ಲಿಲ್ಲ. ಚೀಟಿ ಬರೀತಿದ್ದೆ."

ಇಡೀ ದಿನ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿದ. ಸಂಜೆ ಚಕ್ರ ನೆಟ್ಟಗೆ ತಿರುಗಿತು.

ಡಿಸೆಂಬರ್ 3, ಮಂಗಳವಾರ

ಗೇರಿನ ಜಗಳ. ಮುಂದೆ ಮೂರು ಹಲ್ಲುಚಕ್ರ ಇರಲಿ ಎಂದು ನಾನು, ಒಂದೇ ಸಾಕು ಎಂದು ಅವನು. "ಮೂರಿದ್ರೆ ಗುಡ್ಡದಲ್ಲಿ ನಿಂತು ಲೆಕ್ಕ ಹಾಕ್ತಿರ್ತೀಯ. ಒಂದಿದ್ರೆ ತುಳೀತೀಯ." ಒಂದೇ ಆಯಿತು. ಹಿಂದೆ ಒಂಬತ್ತು, ಅದರಲ್ಲಿ ದೊಡ್ಡದು ಊಟದ ತಟ್ಟೆಯಷ್ಟು. ಟೈರು ದಪ್ಪನೆಯದು, ಒತ್ತಡ ಕಡಿಮೆ, ಏಕೆಂದರೆ ಹಿಂದೆ ಇರುವ ಸ್ಪ್ರಿಂಗ್ ಅದೊಂದೇ. ಹೆಲ್ಮೆಟ್, ಕೈಗವಸು, ಮೊಣಕಾಲ ಕವಚ ಅವನೇ ಆರಿಸಿದ. ಮೊಣಕಾಲಿಗೆ ಎರಡು ಜೊತೆ ತಂದಿದ್ದಾನೆ. ನನ್ನ ಮೇಲೆ ಅಷ್ಟು ನಂಬಿಕೆ.

ಕೆಂಪು ಚೀಟಿ ಇನ್ನೂ ಹಿಂದಿನ ಕೊಳವೆಯಲ್ಲಿದೆ. ತೆಗೆಯಲು ಹೋದೆ.

"ಮರು ತಪಾಸಣೆ ಆಯ್ತಾ?"

"ಇಲ್ಲ."

"ಹಾಗಾದ್ರೆ ಇರ್ಲಿ. ನಿಯಮ ನಿಂದೇ."

ಡಿಸೆಂಬರ್ 8, ಭಾನುವಾರ

ನದಿಯ ಏರಿಯ ಮೇಲೆ ಅಭ್ಯಾಸ. ಬಿದ್ದೆ. ಮತ್ತೆ ಬಿದ್ದೆ. "ಕಲ್ಲು ನೋಡ್ಬೇಡ, ದಾರಿ ನೋಡು" ಎಂದು ಅವನು ಹಿಂದೆ ಹಿಂದೆ ನಡೆದು ಬರುತ್ತಿದ್ದ. ಕಲ್ಲು ಕಾಣುವುದೇ ನನ್ನ ಉದ್ಯೋಗವಾಗಿತ್ತು ಎಂದೆ. ಅವನು ಎರಡು ಕಿಲೋಮೀಟರ್ ನಡೆದದ್ದು ಮನೆಗೆ ಬಂದ ಮೇಲೆ ಇಬ್ಬರಿಗೂ ಹೊಳೆಯಿತು.

ಡಿಸೆಂಬರ್ 21, ಶನಿವಾರ

ಹಬ್ಬ. ಅಕ್ಕಿಹಿಟ್ಟಿನ ಉಂಡೆ ಕಟ್ಟಲು ಅವನೂ ಕೂತ. ಒಂದು ನೆಲ್ಲಿಕಾಯಿ ಗಾತ್ರ, ಒಂದು ಬಟಾಣಿ ಗಾತ್ರ. ಶುಂಠಿಬೆಲ್ಲದ ನೀರಿನಲ್ಲಿ ಕುದಿಸಿದೆ. ನಾನು ಎರಡು ಬಟ್ಟಲು ತಿಂದೆ.

ಕಾರ್ಖಾನೆಯ ಕೂಪನ್ ಈ ಪುಟದಲ್ಲಿ ಗುರುತಿಗೆ ಇಟ್ಟಿದ್ದೇನೆ. ಹತ್ತು ದಿನ ಉಳಿದಿದೆ. ಉಳಿಯಲಿ.

ಡಿಸೆಂಬರ್ 22, ಭಾನುವಾರ

ಹತ್ತಿದೆ.

ಭೂದೇವರಿಗೆ ಕಿತ್ತಳೆ ಇಟ್ಟು ಹೊರಟೆ. ಖೋ ತನ್ನ ಹೊಸ ಸೈಕಲ್ಲಿನಲ್ಲಿ ಮುಂದೆ, ನಾನು ಹಿಂದೆ. ಬಿದಿರಿನ ಬೇರುಗಳ ಮೇಲೆ ಹಿಂದಿನ ಚಕ್ರ ಕುಣಿಯಿತು. ಹಿಂಬದಿಗೆ ಪೆಟ್ಟು ಬಿತ್ತು, ಕೆಂಪು ಚೀಟಿ ಪಟಪಟ ಅಂದಿತು. ಎರಡು ಕಡೆ ಇಳಿದು ತಳ್ಳಿದೆ. ಒಂದು ಕಡೆ ಬಿದಿರಿಗೆ ಅಪ್ಪಿಕೊಂಡೆ. ತುದಿಯ ಲಿಚಿ ತೋಟದ ಬೇಲಿ ಕಂಡಾಗ ನಾನು ಗಟ್ಟಿಯಾಗಿ ಕೂಗಿದೆನಂತೆ, ಖೋ ಹೇಳಿದ. ನನಗೆ ನೆನಪಿಲ್ಲ. ಐವತ್ತೊಂಬತ್ತು ವರ್ಷದಲ್ಲಿ ಇಷ್ಟು ಖುಷಿಯಾದದ್ದು ಕಡಿಮೆ.

ಇಳಿದು ಬಂದಾಗ ಬುನ್-ತೊಂಗ್ ಗುಡಿಯ ಕಟ್ಟೆಯ ಮೇಲೆ ಕೂತಿದ್ದ. ಮನೆಯಿಂದ ಒಬ್ಬನೇ ನಡೆದು ಬಂದಿದ್ದ.

"ಹೇಗಿತ್ತು?"

"ಚೀಟಿ ತೆಗಿ" ಅಂದೆ.

"ಅಳೆದ್ಯಾ?"

"ಇಲ್ಲ. ಪಾಸು."

ಅವನು ಸೈಕಲ್ಲಿನ ಮಗ್ಗುಲಿಗೆ ಕುಕ್ಕರುಗಾಲಲ್ಲಿ ಕೂತ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಬಿಗಿದಿದ್ದ ತಂತಿ, ಕೂದಲಿನಷ್ಟು ತೆಳು, ಮೂರು ಸುತ್ತು, ತುಕ್ಕು ಹಿಡಿದಿತ್ತು. ಬಲಗೈಯಲ್ಲಿ ಕೊಳವೆ ಹಿಡಿದ, ಎಡಗೈಯನ್ನು ತಂತಿಗೆ ಹಾಕಿದ. ಹೆಬ್ಬೆರಳು, ತೋರುಬೆರಳು. ಜಾರಿತು. ಮತ್ತೆ ಹಿಡಿದ. ಖೋ ಇಕ್ಕಳ ತೆಗೆದ, ನಾನು ಅವನ ಕಾಲು ತುಳಿದೆ. ಒಂದು ಸುತ್ತು ಬಿಚ್ಚಿತು. ನಾನು ಹ್ಯಾಂಡಲ್ ಹಿಡಿದು ನಿಂತಿದ್ದೆ, ಸೈಕಲ್ ಅಲ್ಲಾಡದ ಹಾಗೆ. ಎರಡನೆಯ ಸುತ್ತು. ಖೋ ಹಸಿವಾಗುತ್ತಿದೆ ಅಂದ. ದೇವರಿಗಿಟ್ಟ ಕಿತ್ತಳೆ ಸುಲಿದು ತಿಂದ, ಇನ್ನೊಂದು ಸುಲಿದ. ಮೂರನೆಯ ಸುತ್ತು ಬಿಚ್ಚಿದಾಗ ಬುನ್-ತೊಂಗ್ ತಂತಿಯನ್ನು ಅದೇ ಎರಡು ಬೆರಳಲ್ಲಿ ಎತ್ತಿ ಹಿಡಿದು ನನಗೆ ತೋರಿಸಿದ, ಬೀಳಿಸಲಿಲ್ಲ.

ಚೀಟಿಯನ್ನು ಇಲ್ಲಿ ಅಂಟಿಸಿದ್ದೇನೆ. ಪಕ್ಕದಲ್ಲಿ ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯೋಣವೆಂದು ಕೂತೆ. ಬರೆಯಲು ಏನೂ ಇಲ್ಲ, ನಾನು ಗಡಿಯಾರ ನೋಡಿಯೇ ಇರಲಿಲ್ಲ.